ಸೈಲೆನ್ಸರ್ ತೆಗೆಸೋದಾ, ಬದಲಿಸೋದಾ, ಹಾಗೇ ಬಿಡೋದಾ?

ದಾವಣಗೆರೆಯ ಗೆಳೆಯರೊಬ್ಬರು ಕೇಳಿದ್ದಾರೆ: ಕಾರಿನ ಸೈಲೆನ್ಸರ್ ತೆಗೆಸಿದರೆ ಪಿಕಪ್ ಜಾಸ್ತಿಯಾಗುತ್ತಾ?

ಸೈಲೆನ್ಸರ್ ಹೊಗೆಗೆ ಸ್ವಲ್ಪ ತಡೆ ಒಡ್ಡುತ್ತದೆ, ನಿಜ. ತೆಗೆದರೆ ಆ ತಡೆ ಇಳಿಯುತ್ತದೆ. ಆದರೆ ಅದರ ಲಾಭ ಕಾಣುವುದು ಇಂಜಿನ್ ಜೋರಾಗಿ ಸುತ್ತುವಾಗ. ಮಾಮೂಲಿ ಕಾರಿನಲ್ಲಿ ಅದೂ ಬಹಳ ಕಡಿಮೆ. ಪಿ.ಬಿ. ರಸ್ತೆಯ ಟ್ರಾಫಿಕ್‌ನಲ್ಲಿ ಎರಡನೇ ಗೇರಿನಲ್ಲಿ ಹೋಗುವಾಗ ಏನೂ ಸಿಗುವುದಿಲ್ಲ. ಕೆಲವು ಇಂಜಿನ್‌ಗಳಲ್ಲಿ ನಿಧಾನ ವೇಗದ ಎಳೆತ ತಗ್ಗಲೂಬಹುದು. ಜೋರು ಸದ್ದನ್ನೇ ನಾವು ವೇಗ ಅಂದುಕೊಳ್ಳುತ್ತೇವೆ, ಅಲ್ವಾ?

ಖರ್ಚಿನಲ್ಲಿ ತೆಗೆಸುವುದೇ ಅಗ್ಗ. ಕತ್ತರಿಸಿ, ಪೈಪ್ ವೆಲ್ಡಿಂಗ್ ಮಾಡಿದರೆ ಮುಗಿಯಿತು. ಬದಲಿಗೆ ಹಾಕಿಸುವ ಫ್ರೀ ಫ್ಲೋ ಸೈಲೆನ್ಸರ್, ಅಂದರೆ ಹೊಗೆಗೆ ಕಡಿಮೆ ತಡೆ ಒಡ್ಡುವಂಥದ್ದು, ದುಬಾರಿ. ಸದ್ದು ಒಂದಿಷ್ಟು ಹಿಡಿತದಲ್ಲಿರುತ್ತದೆ, ಆದರೂ ನಿಯಮದ ಮಿತಿಯೊಳಗಿದೆಯೇ ಎಂದು ನೋಡಲೇಬೇಕು. ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿವರೆಗೂ ದಂಡವಿದೆ.

ಇನ್ನೊಂದು ಮಾತು, ದಯವಿಟ್ಟು ಹಗುರವಾಗಿ ತಗೋಬೇಡಿ. ಪೈಪ್ ಕಾರಿನ ಅಡಿಯಲ್ಲೇ ಮುಗಿದರೆ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಒಳಗೆ ಬರಬಹುದು. ಅದಕ್ಕೆ ವಾಸನೆಯೇ ಇಲ್ಲ.

ದಿನಾ ಚಿತ್ರದುರ್ಗಕ್ಕೆ ಓಡಾಡುವವರು, ಮನೆಯಲ್ಲಿ ಮಕ್ಕಳಿರುವವರು ಕಂಪನಿಯದ್ದನ್ನೇ ಉಳಿಸಿಕೊಳ್ಳಿ. ತುಕ್ಕು ಹಿಡಿದಿದ್ದರೆ ಅದೇ ಮಾದರಿಯದು ಹಾಕಿಸಿ. ಹೆಚ್ಚು ಶಕ್ತಿಗಾಗಿ ಇಂಜಿನ್ ಟ್ಯೂನ್ ಮಾಡಿಸಿದವರಿಗೆ ಫ್ರೀ ಫ್ಲೋ ಸರಿ. ಪೂರ್ತಿ ತೆಗೆಸುವುದು ರೇಸ್ ಟ್ರ್ಯಾಕ್‌ನಲ್ಲಷ್ಟೇ ಓಡುವ ಗಾಡಿಗೆ, ಅಲ್ಲಿನ ನಿಯಮ ಒಪ್ಪಿದರೆ.