ಪ್ರಿಂಟ್ ಆನ್ ಡಿಮಾಂಡ್‌ನಲ್ಲಿ ಕನ್ನಡ ಕಾದಂಬರಿ: ನಾಲ್ಕು ವರ್ಷ ಬಳಸಿ ನೋಡಿದ್ದು

ಐದಕ್ಕೆ ಮೂರು ಸ್ಟಾರ್. ಹಳೆಯ ಕಾದಂಬರಿಯ ಪ್ರತಿಗಳು ಎಂದೂ ಮುಗಿಯದ ಹಾಗೆ ನೋಡಿಕೊಳ್ಳಲು ಇದು ಒಳ್ಳೆಯ ಏರ್ಪಾಡು. ಹೊಸ ಕಾದಂಬರಿಯನ್ನು ಓದುಗರಿಗೆ ಮುಟ್ಟಿಸಲು ಇದೊಂದನ್ನೇ ನಂಬಿ ಕೂತರೆ ಕೆಲಸ ಕೆಟ್ಟ ಹಾಗೆ. ನನ್ನ ಪುಸ್ತಕಗಳು ನಾಲ್ಕು ವರ್ಷದಿಂದ ಇಂಥ ಸೇವೆಯಲ್ಲಿವೆ. ಕಂಪನಿಯ ಹೆಸರು ಬೇಡ. ನಾನು ಹೇಳಲಿರುವ ಗುಣದೋಷಗಳಲ್ಲಿ ಬಹುಪಾಲು ಈ ಪದ್ಧತಿಗೇ ಅಂಟಿಕೊಂಡವು.

ಗೊತ್ತಿಲ್ಲದವರಿಗೆ ಒಂದು ಮಾತು. ಒಳಪುಟಗಳದ್ದೊಂದು, ಮುಖಪುಟದ್ದೊಂದು ಪಿಡಿಎಫ್ ಅಪ್‌ಲೋಡ್ ಮಾಡಿದರೆ ನಮ್ಮ ಕೆಲಸ ಮುಗಿಯಿತು. ಯಾರಾದರೂ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿದ ಮೇಲೆ ಅವರಿಗೆಂದೇ ಒಂದು ಪ್ರತಿ ಅಚ್ಚಾಗಿ, ಬೈಂಡ್ ಆಗಿ, ಮನೆ ಬಾಗಿಲಿಗೆ ಹೋಗುತ್ತದೆ. ಅಟ್ಟದ ಮೇಲೆ ಕಟ್ಟುಗಳಿಲ್ಲ, ಗೆದ್ದಲಿನ ಚಿಂತೆಯಿಲ್ಲ, ಮೊದಲೇ ಹಾಕಬೇಕಾದ ಬಂಡವಾಳವಿಲ್ಲ. ಸಾವಿರ ಪ್ರತಿ ಹಾಕಿಸಿ ಅರ್ಧಕ್ಕಿಂತ ಹೆಚ್ಚು ಮಂಚದ ಕೆಳಗೆ ಇಟ್ಟುಕೊಂಡ ಲೇಖಕರು ನಮ್ಮಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ. ಅವರಿಗೆ ಇದು ವರ ಅನ್ನಿಸಿದರೆ ಆಶ್ಚರ್ಯವಿಲ್ಲ.

ಕನ್ನಡದವರಿಗೆ ಮೊದಲ ಪರೀಕ್ಷೆ ಬರುವುದು ಅಕ್ಷರಗಳಲ್ಲಿ. ಇಂಗ್ಲಿಷ್ ಪುಸ್ತಕ ಮಾಡುವವರಿಗೆ ಈ ತಲೆನೋವೇ ಇಲ್ಲ. ಕಾಗದದ ಪುಸ್ತಕಕ್ಕೆ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟೂ ನಡೆಯುತ್ತದೆ, ಅದು ಪಿಡಿಎಫ್ ಒಳಗೆ ಸೇರಿದ್ದರೆ ಸಾಕು. ಅದೇ ಕಡತದಿಂದ ಇ-ಪುಸ್ತಕ ಮಾಡಲು ಹೋದಾಗ ಬಣ್ಣ ಬಯಲಾಗುತ್ತದೆ. ಎಲ್ಲ ಮೊಬೈಲು ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಪರವಾಗಿಲ್ಲ, ಆದರೆ ಕಣ್ಣಿಗೆ ಕಾಣದ ಜೋಡಣೆಯ ಗುರುತುಗಳನ್ನು ಕೆಲವೊಮ್ಮೆ ನುಂಗಿಬಿಡುತ್ತವೆ. ಆಗ ‘ರ‍್ಯಾಲಿ’ಯಲ್ಲಿನ ರಕಾರ ಅರ್ಕಾವತ್ತಾಗಿ ‘ರ್ಯಾಲಿ’ ಆಗುತ್ತದೆ, ‘ಸಾಫ್ಟ್‌ವೇರ್’ನ ವಕಾರ ಒತ್ತಾಗಿ ಕೆಳಗಿಳಿಯುತ್ತದೆ. ಒಂದೆರಡಾದರೆ ಓದುಗರು ಕ್ಷಮಿಸುತ್ತಾರೆ. ಕಥೆ ಇಂದಿನ ಬೆಂಗಳೂರಿನದ್ದಾದರೆ ಪುಟಕ್ಕೆ ನಾಲ್ಕು ಸಿಗುತ್ತವೆ. ಪರಿವರ್ತನೆ ಮುಗಿದ ಮೇಲೆ ಮತ್ತೊಂದು ಸುತ್ತು ಕರಡು ತಿದ್ದದೆ ಗತಿಯಿಲ್ಲ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಹಾಕಿದಾಗ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲೇ ನಿಂತರೆ ಫಾಂಟನ್ನು ಬೈಯಬೇಡಿ. ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದರೆ ಸರಿಹೋಗುತ್ತದೆ. ಈ ಸೇವೆಗಳ ಸಹಾಯವಾಣಿಯಲ್ಲಿ ಇದನ್ನು ಹೇಳಿಕೊಡುವವರು ನನಗಂತೂ ಸಿಗಲಿಲ್ಲ.

ಪುಸ್ತಕದ ಗುಣಮಟ್ಟ ಒಟ್ಟಾರೆ ಚೆನ್ನಾಗಿದೆ. ಹಾಳೆ ಗಟ್ಟಿ, ಅಚ್ಚು ಸ್ಫುಟ, ಗೋಂದಿನ ಬೈಂಡಿಂಗ್ ಎರಡು ಮೂರು ಕೈ ದಾಟಿದರೂ ಹಾಳೆ ಬಿಡುವುದಿಲ್ಲ. ಮುಖಪುಟದ ಬಣ್ಣ ಮಾತ್ರ ಪ್ರತಿಯಿಂದ ಪ್ರತಿಗೆ ವಾಲಾಡುತ್ತದೆ. ಒಮ್ಮೆ ತರಿಸಿದ ಪ್ರತಿಯಲ್ಲಿ ಕಡುಗೆಂಪು ಇದ್ದ ಸೀರೆ, ಕೆಲವು ತಿಂಗಳ ನಂತರ ತರಿಸಿದ್ದರಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಅದಕ್ಕಿಂತ ದೊಡ್ಡ ಕೊರತೆ, ಫೈಲನ್ನು ಮನುಷ್ಯರು ಯಾರೂ ನೋಡುವುದಿಲ್ಲ. ನೀವು ಕೊಟ್ಟದ್ದನ್ನು ಯಂತ್ರ ಅಚ್ಚು ಹಾಕುತ್ತದೆ, ಅಷ್ಟೇ. ಇತ್ತೀಚಿನ ಕಾದಂಬರಿಯನ್ನು ಗದಗಿನ ಒಂದು ಪ್ರೆಸ್ಸಿಗೆ ಕೊಟ್ಟಾಗ ಪ್ಲೇಟ್ ಮಾಡಿಸುವ ಮುಂಚೆ ಅಲ್ಲಿಂದ ಫೋನ್ ಬಂತು. “ಸರ, ನಿಮ್ಮ ಡಿಸೈನರ್ ಪುಸ್ತಕದ ಬೆನ್ನಿಗೆ ಹದಿನಾಕು ಮಿಲಿ ಬಿಟ್ಟಾರ. ಎಪ್ಪತ್ತು ಜಿಎಸ್‌ಎಂ ಹಾಳಿಗೆ ಹನ್ನೆರಡರ ಮ್ಯಾಲ ಹೋಗಂಗಿಲ್ರೀ. ಹೆಸರು ಮುಂದಿನ ಮಗ್ಗಲಕ್ಕ ಜಾರತೈತಿ. ತಿದ್ದಿ ಕಳಸ್ರಿ, ಸಂಜೀ ಮಟ ಕಾಯ್ತೀನಿ.” (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ.) ಇದಕ್ಕೆ ಅವರು ಬಿಲ್ಲಿನಲ್ಲಿ ಒಂದು ಪೈಸೆ ಹಾಕಲಿಲ್ಲ.

ಇನ್ನು ದುಡ್ಡು. ಕಾದಂಬರಿಗಳಿಗೆ ರೂಢಿಯಲ್ಲಿರುವ ಡೆಮಿ ಅಷ್ಟಪತ್ರ ಅಳತೆಯ 240 ಪುಟದ ಪುಸ್ತಕ, ಅಂದರೆ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಕ್ಕೊಂದು ಫಾರಂ ಎಂಬ ಲೆಕ್ಕದಲ್ಲಿ ಹದಿನೈದು ಫಾರಂ. ಮುಖಬೆಲೆ ₹280 ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಒಂದೊಂದೇ ಪ್ರತಿ ಅಚ್ಚು ಹಾಕುವುದಕ್ಕೆ ₹150 ಆಯಿತು, ಆನ್‌ಲೈನ್ ಅಂಗಡಿ ಶೇ. 30 ಅಂತ ₹84 ಹಿಡಿಯಿತು. ಉಳಿದದ್ದು ₹46, ಅದರಲ್ಲೂ ಸೇವೆಯವರಿಗೆ ಪಾಲು ಇರಬಹುದು. ಅದೇ ಪುಸ್ತಕದ 300 ಪ್ರತಿಯನ್ನು ಪ್ರೆಸ್ಸಿನಲ್ಲಿ ಪ್ರತಿಗೆ ₹95ರಂತೆ ಹಾಕಿಸಿ, ಪ್ರಕಟಣಪೂರ್ವ ರಿಯಾಯಿತಿಯಲ್ಲಿ ₹250ಕ್ಕೆ ಓದುಗರಿಗೆ ನೇರವಾಗಿ ಮಾರಿದರೆ, ಪ್ಯಾಕಿಂಗು ಅಂಚೆ ಸೇರಿ ₹40 ಕಳೆದು ಪ್ರತಿಗೆ ₹115 ಉಳಿಯುತ್ತದೆ. ಪ್ಯಾಕಿಂಗು ಅಂಚೆ ಕಳೆದು ಪ್ರತಿಗೆ ಕೈಗೆ ಬರುವುದು ₹210, ಹಾಗಾಗಿ ಮೊದಲೇ ಹಾಕಿದ ₹28,500 ವಾಪಸು ಬರಲು 136 ಪ್ರತಿ ಹೋಗಬೇಕು. ಹಾಳೆಯ ದರ, ಊರು, ಪ್ರೆಸ್ಸು ಬದಲಾದ ಹಾಗೆ ಅಂಕಿ ಹಿಂದುಮುಂದಾಗುತ್ತದೆ, ಎರಡರ ನಡುವಿನ ಅಂತರ ಮಾತ್ರ ಅಷ್ಟು ಬೇಗ ಮುಚ್ಚುವುದಿಲ್ಲ. ಹಾಗೆಂದು 136 ಜನ ಕೊಳ್ಳುತ್ತಾರೆಂಬ ಧೈರ್ಯ ಇಲ್ಲದವರು ಪ್ರೆಸ್ಸಿನ ಮೆಟ್ಟಿಲು ಹತ್ತದಿರುವುದೇ ವಾಸಿ. ಆಗ ₹46 ಕೂಡ ಲಾಭವೇ.

ನನ್ನ ದೊಡ್ಡ ತಕರಾರು ಈ ₹46ರ ಬಗ್ಗೆ ಅಲ್ಲ. ಪುಸ್ತಕ ಕೊಂಡವರು ಯಾರೆಂದು ಈ ಪದ್ಧತಿಯಲ್ಲಿ ಲೇಖಕರಿಗೆ ತಿಳಿಯುವುದೇ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಸಂಖ್ಯೆ ಕಾಣುತ್ತದೆ, ಹೆಸರು ಊರು ಕಾಣುವುದಿಲ್ಲ. ಸ್ವಂತ ಪ್ರಕಾಶನದ ಕಾದಂಬರಿಕಾರರಿಗೆ ಎರಡನೆಯ ಪುಸ್ತಕದ ಬಂಡವಾಳ ಎಂದರೆ ಮೊದಲನೆಯದನ್ನು ಓದಿದವರ ಪಟ್ಟಿ. ನಾನು ನೇರವಾಗಿ ಮಾರಿದ ಪ್ರತಿಗಳಲ್ಲಿ ಒಂದೊಂದಕ್ಕೂ ಒಂದು ವಾಟ್ಸಾಪ್ ನಂಬರ್ ಇದೆ, ಯುಪಿಐ ಸ್ಕ್ರೀನ್‌ಶಾಟ್ ಇದೆ, ಪಿನ್‌ಕೋಡ್ ಸಮೇತ ವಿಳಾಸ ಇದೆ. “ಅಮ್ಮನ ಹೆಸರಿಗೆ ಸಹಿ ಹಾಕಿ ಕೊಡ್ತೀರಾ ಸರ್, ಅವರೇ ಮೊದಲು ಓದೋದು” ಎಂದು ತೀರ್ಥಹಳ್ಳಿಯಿಂದ ಕೇಳಿದವರು ಮುಂದಿನ ಪುಸ್ತಕ ಬಂದಾಗ ತಾವಾಗಿಯೇ ನಾಲ್ಕು ಪ್ರತಿ ಹೇಳಿದರು. ಆನ್‌ಲೈನ್ ಅಂಗಡಿಯಲ್ಲಿ ಕೊಂಡವರಲ್ಲೂ ಇಂಥವರು ಇದ್ದೇ ಇರುತ್ತಾರೆ. ಅವರಿಗೆ ಹೊಸ ಪುಸ್ತಕದ ಸುದ್ದಿ ಮುಟ್ಟಿಸುವ ದಾರಿ ನನ್ನ ಹತ್ತಿರ ಇಲ್ಲ. ಈಗ ಕೊನೆಯ ಪುಟದಲ್ಲಿ ಒಂದು ಕ್ಯೂಆರ್ ಕೋಡ್ ಹಾಕುತ್ತಿದ್ದೇನೆ. ಸ್ಕ್ಯಾನ್ ಮಾಡಿದರೆ ಪುಸ್ತಕದಲ್ಲಿಲ್ಲದ ಒಂದು ಅಧ್ಯಾಯ ಸಿಗುತ್ತದೆ, ಜೊತೆಗೆ ಅವರ ನಂಬರ್ ನನಗೆ ಬರುತ್ತದೆ. ಕೊಂಡವರೆಲ್ಲ ಸ್ಕ್ಯಾನ್ ಮಾಡುವುದಿಲ್ಲ, ಮಾಡುವವರು ಅಪ್ಪಟ ಓದುಗರು.

ಪ್ರಕಟಣಪೂರ್ವ ಹಣ ಕೇಳಲು ನಾಚಿಕೆ ಎನ್ನುವ ಸ್ನೇಹಿತರಿದ್ದಾರೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಪ್ರಕಾಶನ ನಿಂತದ್ದೇ ಚಂದಾದಾರರ ಬಲದ ಮೇಲೆ. ಇದರ ಮುಂದೆ ವಾಟ್ಸಾಪ್ ಸ್ಟೇಟಸ್ ಹಾಕುವುದು ಯಾವ ದೊಡ್ಡ ಮಾತು? ಮೊದಲ ಅಧ್ಯಾಯದ ಪಿಡಿಎಫ್ ಕಳಿಸಿ, ಮುಖಪುಟ ತೋರಿಸಿ, ಎಷ್ಟನೆಯ ತಾರೀಖಿನವರೆಗೆ ಯಾವ ಬೆಲೆ ಎಂದು ಖಚಿತವಾಗಿ ಹೇಳಿ. ಫೇಸ್‌ಬುಕ್ ಜಾಹೀರಾತಿಗೆ ನಾನೂ ದುಡ್ಡು ಸುರಿದಿದ್ದೇನೆ. ಲೈಕು ಬಂತು, ‘ಶುಭವಾಗಲಿ’ ಬಂತು, ಆರ್ಡರ್ ಬಂದದ್ದು ಕಡಿಮೆ. ಓದುಗರ ಗುಂಪುಗಳಲ್ಲಿ ಅಪರಿಚಿತರೊಬ್ಬರು ತಾವಾಗಿ ಬರೆದ ಹತ್ತು ಸಾಲಿನ ಅನಿಸಿಕೆ ಅದಕ್ಕಿಂತ ಹೆಚ್ಚು ಪ್ರತಿ ಮಾರಿದೆ. ಲೋಕಾರ್ಪಣೆ ಸಮಾರಂಭದ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ಸಭಾಂಗಣ, ಶಾಲು, ಪೇಟ, ಉಪ್ಪಿಟ್ಟು ಕೇಸರಿಬಾತಿನ ಖರ್ಚಿನಲ್ಲಿ ಇನ್ನೊಂದು ನೂರು ಪ್ರತಿ ಹಾಕಿಸಬಹುದು.

ನೇರವಾಗಿ ಮಾರುವವರಿಗೆ ಅಂಚೆಯ ವಿಷಯ ಗೊತ್ತಿರಬೇಕು. 2025ರ ಮೇ 1ರಿಂದ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಜಾರಿಯಲ್ಲಿದೆ: 300 ಗ್ರಾಂವರೆಗೆ ₹20, ಐದು ಕೆಜಿವರೆಗಾದರೆ ₹100, ತೆರಿಗೆ ಪ್ರತ್ಯೇಕ. ಟ್ರ್ಯಾಕಿಂಗ್ ಇದೆ, ನೆಲದ ಮಾರ್ಗದಲ್ಲಿ ಹೋಗುವುದರಿಂದ ಸ್ವಲ್ಪ ನಿಧಾನ. ಪಠ್ಯ ಸಾಮಗ್ರಿಗೂ ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಸಾಹಿತ್ಯಕ್ಕೂ ಮೀಸಲಾದ ಸೇವೆ ಇದು. ನಿಯತಕಾಲಿಕೆ, ವಾಣಿಜ್ಯ ಸ್ವರೂಪದ್ದು, ಜಾಹೀರಾತು ತುಂಬಿದ್ದು ಸಲ್ಲುವುದಿಲ್ಲ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ಮೊದಲ ಕಟ್ಟು ಒಯ್ಯುವ ಮುನ್ನ ಒಂದು ಪ್ರತಿಯನ್ನು ನಿಮ್ಮ ಅಂಚೆ ಕಚೇರಿಯ ಕೌಂಟರಿನಲ್ಲಿ ತೋರಿಸಿ ಕೇಳಿಕೊಳ್ಳಿ. 70 ಜಿಎಸ್‌ಎಂ ಹಾಳೆಯ 240 ಪುಟದ ಡೆಮಿ ಪುಸ್ತಕ ಮುಖಪುಟ ಸೇರಿ ಸುಮಾರು 270 ಗ್ರಾಂ ತೂಗುತ್ತದೆ. ರಟ್ಟಿನ ಡಬ್ಬಿಗೆ ಹಾಕಿದಿರೋ, 300 ದಾಟಿತು. ತೆಳು ಕವರಿನಲ್ಲಿ ಹಾಕಿದರೆ ಒಳಗೇ ಉಳಿಯುತ್ತದೆ. ಈ ಲೆಕ್ಕ ಗೊತ್ತಾದ ಮೇಲೆ ಎರಡು ಮೂರು ಪುಟಕ್ಕಾಗಿ ಹದಿನಾರನೆಯ ಫಾರಂಗೆ ಕೈ ಹಾಕುವ ಚಪಲ ನನಗಂತೂ ಹೋಗಿದೆ.

ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ವಿಷಯದಲ್ಲಿ ಎಚ್ಚರ. ಈ ಸೇವೆಗಳು ‘ಉಚಿತ ಐಎಸ್‌ಬಿಎನ್’ ಎಂದು ದೊಡ್ಡದಾಗಿ ಬರೆದುಕೊಳ್ಳುತ್ತವೆ. ಭಾರತದಲ್ಲಿ ಅದು ಎಲ್ಲರಿಗೂ ಉಚಿತವೇ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿಯ ಪೋರ್ಟಲ್‌ನಲ್ಲಿ ಲೇಖಕರೇ ಸ್ವಂತ ಪ್ರಕಾಶಕರಾಗಿ ನೋಂದಾಯಿಸಿಕೊಂಡು ಪಡೆಯಬಹುದು. ಸೇವೆಯವರು ಕೊಟ್ಟ ಸಂಖ್ಯೆಯಲ್ಲಿ ಪ್ರಕಾಶಕರಾಗಿ ದಾಖಲಾಗುವುದು ಅವರು. ನಾಳೆ ಅವರನ್ನು ಬಿಟ್ಟು ಬೇರೆ ಕಡೆ ಅಚ್ಚು ಹಾಕಿಸಿದರೆ ಸಂಖ್ಯೆ ನಿಮ್ಮ ಜೊತೆ ಬರುವುದಿಲ್ಲ. ಕಾಗದಕ್ಕೊಂದು, ಇ-ಪುಸ್ತಕಕ್ಕೊಂದು ಬೇರೆ ಬೇರೆ ಬೇಕು. ಹಾಂ, ನೀವೇ ಪ್ರಕಾಶಕರಾದರೆ 1954ರ ಕಾಯಿದೆ ನಿಮಗೂ ಅನ್ವಯ: ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಸ್ವಂತ ಖರ್ಚಿನಲ್ಲಿ ಕಳಿಸಬೇಕು. ‘ಪ್ರಕಾಶಕ’ ಎಂದು ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಕೊಂಡವರಲ್ಲಿ ಎಷ್ಟು ಜನ ಇದನ್ನು ಮಾಡುತ್ತಾರೋ!

ಇ-ಪುಸ್ತಕಕ್ಕೆ ನಾನು ಗೂಗಲ್ ಪ್ಲೇ ಬುಕ್ಸ್‌ನಲ್ಲಿದ್ದೇನೆ. ಕಿಂಡಲ್ ಅಂಗಡಿ 2016ರಲ್ಲಿ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಒಳಗೆ ಹೋದವು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಹೊರಗೇ ಉಳಿಯಿತು. ಹಾಗಾಗಿ ನಮ್ಮವರಿಗೆ ಗೂಗಲ್ ಪ್ಲೇ, ಮೈಲ್ಯಾಂಗ್ ಆ್ಯಪ್ ಮುಖ್ಯವಾದವು. ಅಮೆರಿಕದ ಕನ್ನಡಿಗರಿಗೆ ಅಂಚೆ ಖರ್ಚು ಪುಸ್ತಕದ ಬೆಲೆಯನ್ನೇ ಮೀರುವುದರಿಂದ ಅವರ ಪಾಲಿಗೆ ಇದೇ ದಾರಿ. ಶೀರ್ಷಿಕೆಯನ್ನು ಕನ್ನಡದಲ್ಲಿ ಹಾಕಿ, ವಿವರಣೆಯೊಳಗೆ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲೂ ಒಮ್ಮೆ ಬರೆಯಿರಿ, ಹುಡುಕುವವರಲ್ಲಿ ಬಹಳ ಜನ ಹಾಗೇ ಟೈಪ್ ಮಾಡುತ್ತಾರೆ. ತೆರಿಗೆಯಲ್ಲೂ ಒಂದು ಸೂಕ್ಷ್ಮ ಇದೆ. 2018ರಿಂದ, ಕಾಗದದ ಆವೃತ್ತಿಯೂ ಇರುವ ಇ-ಪುಸ್ತಕಕ್ಕೆ ಜಿಎಸ್‌ಟಿ ಶೇ. 5, ಇಲ್ಲದ್ದಕ್ಕೆ ಶೇ. 18. ಬೆಂಗಳೂರಿನದೇ ಆದ ಪ್ರತಿಲಿಪಿ ಆ್ಯಪ್‌ನಲ್ಲಿ ಧಾರಾವಾಹಿಯಾಗಿ ಬರೆದು ಓದುಗರನ್ನು ಕೂಡಿಸಿಕೊಂಡು ಆಮೇಲೆ ಪುಸ್ತಕ ಮಾಡುವವರೂ ಇದ್ದಾರೆ. ಕಂತು ಕಂತಾಗಿ ಕುತೂಹಲ ಎಳೆಯುವ ಕೈ ಇರುವವರಿಗೆ ಅದು ಸರಿ. ನನ್ನ ಕಥೆಗಳು ನಿಧಾನದವು, ಮೂರನೆಯ ಕಂತಿಗೇ ಜನ ಕರಗುತ್ತಾರೆ.

ಹಾಗಾದರೆ ಪ್ರಿಂಟ್ ಆನ್ ಡಿಮಾಂಡ್ ಯಾಕೆ ಬಿಟ್ಟಿಲ್ಲ? ಮೊದಲ 300 ಖಾಲಿಯಾದ ಮೇಲೆ ತಿಂಗಳಿಗೆ ಎರಡೋ ಮೂರೋ ಕೇಳಿಬರುವ ಪುಸ್ತಕಕ್ಕೆ ಮರುಮುದ್ರಣ ಮಾಡಿಸುವುದು ಹುಚ್ಚು, ಇಲ್ಲ ಎನ್ನಲು ಮನಸ್ಸು ಬಾರದು. ಆ ಜಾಗದಲ್ಲಿ ಈ ಸೇವೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಪಾವತಿ ತಡವಾಗುತ್ತದೆ, ನಿಲ್ಲುವುದಿಲ್ಲ. ಕಾಗುಣಿತ ತಪ್ಪು ಕಂಡರೆ ಹೊಸ ಪಿಡಿಎಫ್ ಹಾಕಿದ ಮೇಲೆ ಮುಂದಿನ ಪ್ರತಿಗೇ ತಿದ್ದುಪಡಿ ಸೇರುತ್ತದೆ. ಪ್ರೆಸ್ಸಿನಲ್ಲಿ ಈ ಸುಖ ಇಲ್ಲ.

ಖಾತೆ ತೆರೆದ ಮರುದಿನದಿಂದ ಪ್ರಚಾರದ ಪ್ಯಾಕೇಜ್ ಮಾರುವ ಫೋನುಗಳು ಶುರುವಾಗುತ್ತವೆ: ಲೇಖಕರ ಸಂದರ್ಶನ, ಪತ್ರಿಕಾ ಪ್ರಕಟಣೆ, ಬೆಸ್ಟ್‌ಸೆಲ್ಲರ್ ಬ್ಯಾಡ್ಜು, ಪ್ರಶಸ್ತಿ ಫಲಕ. ನಾನು ಒಂದನ್ನೂ ಕೊಂಡಿಲ್ಲ. ಕರೆ ಮಾಡಿದವರನ್ನು “ಈ ಪ್ಯಾಕೇಜಿನಿಂದ ಯಾವ ಕನ್ನಡ ಕಾದಂಬರಿ ಎಷ್ಟು ಪ್ರತಿ ಹೋಗಿದೆ ಹೇಳಿ, ಆ ಲೇಖಕರ ನಂಬರ್ ಕೊಡಿ” ಎಂದು ಕೇಳುತ್ತೇನೆ. ಇಂಗ್ಲಿಷ್ ಪುಸ್ತಕಗಳ ಪಟ್ಟಿಯೊಂದು ಮೇಲ್‌ಗೆ ಬರುತ್ತದೆ, ಅಲ್ಲಿಗೆ ಮುಗಿಯಿತು.