ಶೇ. 12, ಶೇ. 30, ಶೇ. 9: ಆನ್‌ಲೈನ್ ಸಾಲದಲ್ಲಿ ಕೈಗೆ ಬಂದದ್ದೆಷ್ಟು

ಒಂದೇ ತಿಂಗಳಲ್ಲಿ ಮೂರು ಕಡೆ ಸಮ ಸಮ ಹಣ ಹಾಕಿದೆ. ಮೂರೂ ಪೀರ್-ಟು-ಪೀರ್ ಸಾಲವೇ. ಅಂದರೆ ನಡುವೆ ಬ್ಯಾಂಕ್ ಇರುವುದಿಲ್ಲ, ಒಂದು ವೆಬ್‌ಸೈಟ್ ಮೂಲಕ ನನ್ನ ಹಣ ಮುಖ ಗೊತ್ತಿಲ್ಲದ ಯಾರಿಗೋ ಸಾಲವಾಗಿ ಹೋಗುತ್ತದೆ, ಅವರು ತಿಂಗಳು ತಿಂಗಳು ಕಂತು ಕಟ್ಟುತ್ತಾರೆ. ಅಡಮಾನ ಇಲ್ಲ, ಜಾಮೀನು ಇಲ್ಲ.

ಮೊದಲನೆಯದರಲ್ಲಿ ಬಡ್ಡಿ ಶೇ. 12. ಮೇಲಿನ ಗ್ರೇಡ್‌ನ ಸಾಲಗಾರರು, ಅಂದರೆ ಸರಿಯಾಗಿ ಕಟ್ಟುತ್ತಾರೆ ಅಂತ ವೆಬ್‌ಸೈಟ್ ಅಂದಾಜು ಮಾಡಿದವರು. ನನ್ನ ಹಣವನ್ನು 100 ಸಾಲಗಳಿಗೆ ವೆಬ್‌ಸೈಟೇ ಹಂಚಿತು. ಎರಡನೆಯದರಲ್ಲಿ ಶೇ. 30. ಕೆಳಗಿನ ಗ್ರೇಡ್, ಒಬ್ಬೊಬ್ಬರ ವಿವರ ಓದಿ ನಾನೇ 40 ಸಾಲ ಆರಿಸಿದೆ. ಮೂರನೆಯದರಲ್ಲಿ ಶೇ. 9. ಅಲ್ಲಿ ಆರಿಸುವ ಗೋಜೇ ಇಲ್ಲ. ಎಲ್ಲರ ಹಣವೂ ಒಂದೇ ಕೊಡದಲ್ಲಿ, ಯಾರಾದರೂ ಕಟ್ಟದಿದ್ದರೆ ಅದನ್ನು ತುಂಬಲು ಒಂದು ಮೀಸಲು ನಿಧಿ. ಮೊದಲೆರಡು ಕಡೆ ಎಲ್ಲ ಸಾಲವೂ 12 ತಿಂಗಳದ್ದು, ಬಂದ ಕಂತಿನಲ್ಲಿ ಶೇ. 1 ಶುಲ್ಕ.

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಶೇ. 30ರ ಕಡೆ ಹಾಕಿದ ನೂರಕ್ಕೆ ವರ್ಷದ ಕೊನೆಗೆ ಉಳಿದ ಲಾಭ 60 ಪೈಸೆ. ಶೇ. 12ರ ಕಡೆ ನೂರಕ್ಕೆ ಸುಮಾರು 3 ರೂಪಾಯಿ 45 ಪೈಸೆ. ಎರಡೂ ಜಾಹೀರಾತಿನ ದರಕ್ಕಿಂತ ಎಷ್ಟೋ ಕೆಳಗೆ. ಯಾಕೆ ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ಎರಡು ಬೇರೆ ಬೇರೆ ವಿಷಯ ಒಂದರೊಳಗೊಂದು ಸೇರಿಕೊಂಡಿವೆ, ಮತ್ತು ಹೆಚ್ಚಿನವರು ಒಂದನ್ನು ಮಾತ್ರ ನೋಡುತ್ತಾರೆ.

ಮೊದಲನೆಯದು ಕಂತಿನ ಲೆಕ್ಕ. ಶೇ. 12 ಅಂದಾಕ್ಷಣ ನೂರಕ್ಕೆ ವರ್ಷದಲ್ಲಿ 12 ಬರುತ್ತದೆ ಅಂದುಕೊಳ್ಳುತ್ತೇವೆ. ಬರುವುದಿಲ್ಲ. ಪ್ರತಿ ಕಂತಿನಲ್ಲೂ ಸ್ವಲ್ಪ ಅಸಲು ವಾಪಸ್ ಬರುತ್ತಿರುತ್ತದೆ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ. ಎಲ್ಲ ಕಂತೂ ಸರಿಯಾಗಿ ಬಂದರೂ ಶೇ. 12ರ ಒಂದು ವರ್ಷದ ಸಾಲ ನೂರಕ್ಕೆ ಕೊಡುವ ಬಡ್ಡಿ 6.62. ಶೇ. 30ರದ್ದು ಸುಮಾರು 17. ಇದು ಮೋಸವೇನಲ್ಲ, ವಾಪಸ್ ಬಂದ ಅಸಲನ್ನು ಕೂಡಲೇ ಮತ್ತೊಬ್ಬರಿಗೆ ಕೊಡುತ್ತಾ ಹೋದರೆ ಹೇಳಿದ ದರ ಸಿಗುತ್ತದೆ. ಆದರೆ ಹಾಗೆ ಕೊಡದೆ ಖಾತೆಯಲ್ಲಿ ಸುಮ್ನೆ ಬಿದ್ದಿರುವ ಹಣ ಏನನ್ನೂ ದುಡಿಯುವುದಿಲ್ಲ. ಹೋಲಿಕೆ ಸ್ವಚ್ಛವಾಗಿರಲಿ ಅಂತ ನಾನು ಮೊದಲ ಸುತ್ತಿನ ಸಾಲಗಳ ಲೆಕ್ಕ ಮಾತ್ರ ಇಟ್ಟೆ, ಮರುಸಾಲ ಸೇರಿಸಲಿಲ್ಲ.

ಎರಡನೆಯದು ಕಟ್ಟದವರ ಲೆಕ್ಕ. ಇದೇ ನಿಜವಾದ ವಿಷಯ. ಒಬ್ಬ ಒಂದೂ ಕಂತು ಕಟ್ಟದೆ ಕೈ ಎತ್ತಿದರೆ ಹೋಗುವುದು ಬಡ್ಡಿ ಮಾತ್ರ ಅಲ್ಲ, ಇಡೀ ಅಸಲು. ಶೇ. 12ರಲ್ಲಿ ಆ ಒಬ್ಬನ ಅಸಲನ್ನು ತುಂಬಲು ಸುಮಾರು 15 ಜನ ಪ್ರಾಮಾಣಿಕವಾಗಿ ವರ್ಷವಿಡೀ ಕಟ್ಟಿದ ಬಡ್ಡಿ ಬೇಕು. ಶೇ. 30ರಲ್ಲಿ 6 ಜನರದ್ದು ಸಾಕು. ಇದನ್ನು ತಿರುಗಿಸಿ ನೋಡಿ, ಶುಲ್ಕವನ್ನು ಸದ್ಯಕ್ಕೆ ಬಿಡಿ. ಶೇ. 12ರ ನೂರು ಸಾಲದಲ್ಲಿ 6 ಪೂರ್ತಿ ಮುಳುಗಿದರೆ ಲಾಭ ಸೊನ್ನೆಯ ಹತ್ತಿರ. ಶೇ. 30ರಲ್ಲಿ 14 ಮುಳುಗುವವರೆಗೂ ಹೇಗೋ ತಡೆಯಬಹುದು, 15ನೆಯದಕ್ಕೆ ನಷ್ಟ ಶುರು. ಹಣ ಹಾಕುವ ಮೊದಲು ಈ ಒಂದು ಸಂಖ್ಯೆ ಹಾಕಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ದರ ಎಷ್ಟು ಅಂತ ಕೇಳುವುದಕ್ಕಿಂತ, ಎಷ್ಟು ಜನ ಕೈಕೊಟ್ಟರೂ ನನ್ನ ಅಸಲು ಉಳಿಯುತ್ತದೆ ಅಂತ ಕೇಳುವುದು ಮೇಲು.

ಈಗ ನನಗೆ ಆದದ್ದು. ಶೇ. 12ರ ಕಡೆ 100ರಲ್ಲಿ 3 ಜನ ನಿಲ್ಲಿಸಿದರು, ತಲಾ ನಾಲ್ಕು ಕಂತು ಕಟ್ಟಿದ ಮೇಲೆ. ಶೇ. 30ರ ಕಡೆ 40ರಲ್ಲಿ 7 ಜನ. ಅಂದರೆ ನೂರಕ್ಕೆ ಹದಿನೇಳೂವರೆ. ಆ ಏಳು ಜನರಿಂದ ಒಟ್ಟು 21 ಕಂತು ಬಂದಿತ್ತು, ಹಾಗಾಗಿ ಅಸಲು ಉಳಿಯಿತು. ಇಲ್ಲದಿದ್ದರೆ ಕೈಯಿಂದಲೇ ಹೋಗುತ್ತಿತ್ತು. ಗಮನಿಸಿ, ಬಡ್ಡಿ ಎರಡೂವರೆ ಪಟ್ಟು ಜಾಸ್ತಿ ಇತ್ತು, ಕಟ್ಟದವರು ಸುಮಾರು ಆರು ಪಟ್ಟು ಜಾಸ್ತಿ ಇದ್ದರು.

ಯಾಕೆ ಹೀಗಾಗುತ್ತದೆ? ಅಪಾಯ ಜಾಸ್ತಿ ಇರುವವರಿಗೆ ಜಾಸ್ತಿ ಬಡ್ಡಿ ಹಾಕುತ್ತಾರೆ, ಅಷ್ಟೇ ಅಂತ ಸುಲಭವಾಗಿ ಹೇಳಬಹುದು. ಅದು ಅರ್ಧ ಸತ್ಯ. ಬಡ್ಡಿ ಏರಿದಾಗ ಬೇರೆ ಕಡೆ ಕಡಿಮೆಗೆ ಸಾಲ ಸಿಗುವವರು ಎದ್ದು ಹೋಗುತ್ತಾರೆ, ಉಳಿಯುವವರು ಎಲ್ಲೂ ಸಿಗದವರು. ಜೊತೆಗೆ ಕಂತು ಭಾರವಾಗುತ್ತದೆ. ಕಡಿಮೆ ಬಡ್ಡಿಯಲ್ಲಾದರೆ ಹೇಗೋ ಕಟ್ಟಿ ಮುಗಿಸುತ್ತಿದ್ದ ಮನುಷ್ಯ ಇಲ್ಲಿ ಎಡವುತ್ತಾನೆ. ಒಂದು ಮಟ್ಟ ದಾಟಿದ ಮೇಲೆ ಬಡ್ಡಿ ಏರಿಸಿದರೆ ಸಾಲ ಕೊಟ್ಟವನ ಗಳಿಕೆ ಏರುವ ಬದಲು ಇಳಿಯಬಹುದು ಅಂತ ಸ್ಟಿಗ್ಲಿಟ್ಜ್ ಮತ್ತು ವೈಸ್ ಎಂಬ ಅರ್ಥಶಾಸ್ತ್ರಜ್ಞರು 1981ರಲ್ಲೇ ತೋರಿಸಿದ್ದರು, ಆಗ ಇಂಟರ್ನೆಟ್ ಸಾಲ ಅನ್ನುವುದೇ ಇರಲಿಲ್ಲ. ನನ್ನ 40 ಸಾಲದಲ್ಲಿ ಅದೇ ಕಂಡಿತು.

ಇನ್ನೊಂದು ಮಾತು. ನಿಲ್ಲಿಸಿದವರೆಲ್ಲ ಕಳ್ಳರು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನನ್ನ ಏಳು ಜನರಲ್ಲಿ ನಾಲ್ವರು ಹಳೆ ಸಾಲ ತೀರಿಸಲು ಅಂತ ಹೊಸ ಸಾಲ ತೆಗೆದವರು. ಒಬ್ಬರ ಕೆಲಸ ಹೋಗಿತ್ತು. ಆ ಪುಟದಲ್ಲಿ ಬರೀ ಗ್ರೇಡ್, ಸ್ಕೋರ್, ಕಂತು ಕಾಣುತ್ತದೆ. ಆಚೆ ಕಡೆ ಒಂದು ಮನೆ ಇದೆ. ಶೇ. 30ರ ಸಾಲವನ್ನು ಆರಿಸುವಾಗ ನಾನು ಅದನ್ನು ಯೋಚಿಸಿರಲಿಲ್ಲ, ಈಗ ಯೋಚಿಸುತ್ತೇನೆ.

ನಾನೇ ಓದಿ ಆರಿಸಿದೆ ಅನ್ನುವುದರಿಂದ ಏನೂ ಉಪಯೋಗ ಆಗಲಿಲ್ಲವೇ? ಸ್ವಲ್ಪ ಆಯಿತು, ಆದರೆ ನಾನು ನಂಬಿದ ಕಡೆ ಅಲ್ಲ. ಚೆನ್ನಾಗಿ ಬರೆದ ವಿವರ, ಮನ ಕರಗುವ ಕಾರಣ, ಇವು ಏನನ್ನೂ ಹೇಳಲಿಲ್ಲ. ತಿಂಗಳ ಆದಾಯದಲ್ಲಿ ಎಷ್ಟು ಪಾಲು ಈಗಾಗಲೇ ಬೇರೆ ಕಂತುಗಳಿಗೆ ಹೋಗುತ್ತಿದೆ ಅನ್ನುವ ಒಂದು ಸಾಲು ತುಂಬ ಹೇಳಿತು. ಅಮೆರಿಕದ ಪ್ರಾಸ್ಪರ್ ಎಂಬ ಇಂಥದೇ ವೆಬ್‌ಸೈಟ್ 2006ರಲ್ಲಿ ಶುರುವಾದಾಗ ಸಾಲ ಕೊಡುವವರೇ ಹರಾಜಿನಲ್ಲಿ ಬಡ್ಡಿ ಕೂಗುವ ಪದ್ಧತಿ ಇತ್ತು. ಅಲ್ಲಿಂದ 2008ರ ಅಕ್ಟೋಬರ್‌ವರೆಗೆ ಕೊಟ್ಟ 28,936 ಸಾಲಗಳಲ್ಲಿ 10,456 ಮುಳುಗಿದವು, ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ನಡುವೆ ಆರ್ಥಿಕ ಕುಸಿತವೂ ಬಂತು, ಅದನ್ನೂ ಹೇಳಬೇಕು. ಆದರೂ ಎಷ್ಟೋ ಜನ ಸೇರಿ ಕೂಗಿದ ಬಡ್ಡಿ ಆ ಅಪಾಯಕ್ಕೆ ಸಾಲಲಿಲ್ಲ. 2010ರ ಕೊನೆಗೆ ಅವರು ಹರಾಜು ಬಿಟ್ಟು ತಾವೇ ದರ ಗೊತ್ತುಮಾಡಲು ತೊಡಗಿದರು. ಅಷ್ಟು ಜನರ ಕಣ್ಣಿಗೆ ಸಿಗದ್ದು ನನ್ನ ಒಬ್ಬನ ಕಣ್ಣಿಗೆ ಸಿಗಬೇಕು ಅಂತ ಈಗ ನಾನು ಹಟ ಹಿಡಿಯುವುದಿಲ್ಲ.

40 ಸಾಲ ಕಡಿಮೆಯಾಯಿತು ಅನ್ನುವುದೂ ನಿಜ. ಹತ್ತರಲ್ಲಿ ಒಬ್ಬ ಕಟ್ಟುವುದಿಲ್ಲ ಅಂತಿಟ್ಟುಕೊಳ್ಳಿ. ನೀವು ಬರೀ 10 ಸಾಲ ಕೊಟ್ಟಿದ್ದರೆ, ಒಬ್ಬರೂ ಕೈಕೊಡದೆ ಇರುವ ಸಾಧ್ಯತೆ ಶೇ. 35ರಷ್ಟಿದೆ. ಅಂಥವರು ಎಲ್ಲರಿಗೂ ಹೇಳುತ್ತಾರೆ, ನನಗೆ ಪೂರ್ತಿ ಬಂತು, ನೀವೂ ಹಾಕಿ ಅಂತ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಅದೃಷ್ಟ ಚೆನ್ನಾಗಿತ್ತು. ಅದೇ ದರದಲ್ಲಿ ಪಕ್ಕದವನಿಗೆ 10ರಲ್ಲಿ 3 ಹೋಗಿರಬಹುದು. ಸಾಲಗಳ ಸಂಖ್ಯೆ ಜಾಸ್ತಿ ಆದಷ್ಟೂ ಈ ಏರಿಳಿತ ಕಡಿಮೆ. ಆದರೆ ಹಂಚಿದರೆ ಎಲ್ಲ ಅಪಾಯವೂ ಹೋಗುತ್ತದೆ ಅನ್ನುವುದು ತಪ್ಪು. ಕೆಲಸಗಳೇ ಇಲ್ಲದ ಕಾಲ ಬಂದರೆ 100 ಜನವೂ ಒಟ್ಟಿಗೆ ಕಷ್ಟಕ್ಕೆ ಬೀಳುತ್ತಾರೆ, ಆಗ 100 ಆದರೇನು, 1000 ಆದರೇನು.

ಡ್ಯಾಶ್‌ಬೋರ್ಡ್, ಅಂದರೆ ನಮ್ಮ ಗಳಿಕೆ ತೋರಿಸುವ ವೆಬ್‌ಸೈಟಿನ ಪುಟ, ಅದರ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಮೂರನೇ ತಿಂಗಳಲ್ಲಿ ನನ್ನ ಶೇ. 30ರ ಪುಟ ಶೇ. 29 ಗಳಿಕೆ ತೋರಿಸುತ್ತಿತ್ತು. ಕಣ್ಣಿಗೆ ಹಬ್ಬ. ಅದು ಹೇಗೆ ಅಂದರೆ, ಅಲ್ಲಿ 90 ದಿನ ಬಾಕಿ ಉಳಿದ ಮೇಲೆ ಮಾತ್ರ ಸಾಲವನ್ನು ಸುಸ್ತಿ ಅಂತ ಬರೆಯುತ್ತಾರೆ. ಹಾಗಾಗಿ ಎಳೆ ಸಾಲಗಳಲ್ಲಿ ಸುಸ್ತಿ ಇರಲು ಸಾಧ್ಯವೇ ಇಲ್ಲ. ವೆಬ್‌ಸೈಟ್ ಬೆಳೆಯುತ್ತಿದ್ದಾಗ ಇದೇ ಆಟ ದೊಡ್ಡದಾಗಿ ನಡೆಯುತ್ತದೆ. ತಿಂಗಳು ತಿಂಗಳು ಹೊಸ ಸಾಲ ರಾಶಿ ಸೇರುತ್ತಿದ್ದರೆ, ಮುಳುಗಿದ್ದನ್ನು ಒಟ್ಟು ಸಾಲದಿಂದ ಭಾಗಿಸಿದಾಗ ಬರುವ ಶೇಕಡಾ ಚಿಕ್ಕದಾಗಿಯೇ ಕಾಣುತ್ತದೆ, ಯಾಕೆಂದರೆ ಹೊಸ ಸಾಲಗಳಿಗೆ ಮುಳುಗಲು ಇನ್ನೂ ಸಮಯವೇ ಸಿಕ್ಕಿಲ್ಲ. ಹಾಗಾಗಿ ಒಂದೇ ತಿಂಗಳಲ್ಲಿ ಕೊಟ್ಟ ಸಾಲಗಳನ್ನು ಒಂದು ಗುಂಪು ಮಾಡಿ, ಆ ಗುಂಪಿನಲ್ಲಿ ಕೊನೆಯ ಕಂತಿನ ಹೊತ್ತಿಗೆ ಎಷ್ಟು ಮುಳುಗಿತು ಅಂತ ಕೇಳಿ. ಅದನ್ನು ತೋರಿಸದ ವೆಬ್‌ಸೈಟಿಗೆ ನಾನು ಹಣ ಹಾಕುವುದಿಲ್ಲ.

ಇನ್ನು ಮೂರನೆಯದು, ಮೀಸಲು ನಿಧಿಯ ಶೇ. 9. ಬರೀ ಸಂಖ್ಯೆ ನೋಡಿದರೆ ಗೆದ್ದದ್ದು ಇದೇ. ಇಲ್ಲಿ ಅಸಲು ಹಾಗೇ ಇರುತ್ತದೆ, ಬಡ್ಡಿ ಮಾತ್ರ ತಿಂಗಳಿಗೊಮ್ಮೆ ಬರುತ್ತದೆ. ಒಂಬತ್ತು ತಿಂಗಳು ತಪ್ಪದೆ ಬಂತು. ಆಮೇಲೆ ಒಂದು ದಿನ ಸಂದೇಶ ಬಂತು, ಕಟ್ಟದವರು ಜಾಸ್ತಿಯಾಗಿದ್ದಾರೆ, ನಿಧಿ ತುಂಬಲು ಬಡ್ಡಿಯನ್ನು ಅರ್ಧಕ್ಕೆ ಇಳಿಸುತ್ತಿದ್ದೇವೆ ಅಂತ. ಹಾಗಾಗಿ ವರ್ಷಕ್ಕೆ ನೂರಕ್ಕೆ 7.87 ಬಂತು. ಶೇ. 12ರ ಸಾಲದಲ್ಲಿ ಬಂದ 3.45ನ್ನು, ನಿಜವಾಗಿ ಹೊರಗಿದ್ದ ಅಸಲಿನ ಮೇಲೆ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ. 6ರ ಆಸುಪಾಸು. ಆದ್ದರಿಂದ ನಿಧಿಯದ್ದೇ ಮೇಲು. ಆದರೆ ವರ್ಷ ಮುಗಿದ ಮೇಲೆ ಹಣ ವಾಪಸ್ ಕೇಳಿದರೆ ಸರದಿಯಲ್ಲಿ ನಿಲ್ಲಿಸಿದರು. ಕೈಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಬೇಕೆಂದಾಗ ತೆಗೆಯಬಹುದು ಅನ್ನುವುದು, ತೆಗೆಯುವವರು ಕಡಿಮೆ ಇದ್ದಾಗ ಮಾತ್ರ ನಿಜ. ಆ ನಾಲ್ಕು ತಿಂಗಳಲ್ಲಿ ನಾನು ನಿಜಕ್ಕೂ ಕಳವಳಪಟ್ಟೆ.

ಇದು ನನಗೊಬ್ಬನಿಗೆ ಆದದ್ದೇನಲ್ಲ. ಬ್ರಿಟನ್ನಿನ ರೇಟ್‌ಸೆಟರ್ ಇಂಥ ಮೀಸಲು ನಿಧಿಗೆ ಹೆಸರಾಗಿತ್ತು. 2020ರ ಮೇ ತಿಂಗಳಲ್ಲಿ, ಕೊರೊನಾ ಹೊತ್ತಿನಲ್ಲಿ, ಹಣ ಹಾಕಿದವರ ಬಡ್ಡಿಯನ್ನು ಆ ವರ್ಷದ ಕೊನೆಯವರೆಗೆ ಅರ್ಧಕ್ಕಿಳಿಸಿ ಉಳಿದರ್ಧವನ್ನು ನಿಧಿಗೆ ಹಾಕಿತು. ಆಮೇಲೆ ಒಂದು ಬ್ಯಾಂಕ್ ಅದನ್ನು ಕೊಂಡು, 2021ರಲ್ಲಿ ಸಾಲಗಳನ್ನೂ ಕೊಂಡದ್ದರಿಂದ ಹಣ ಹಾಕಿದವರಿಗೆ ವಾಪಸ್ ಸಿಕ್ಕಿತು. ಅಂದರೆ ನಿಧಿ ಇರುವುದು ಒಳ್ಳೆಯದೇ. ಆದರೆ ಅದು ಗ್ಯಾರಂಟಿ ಅಲ್ಲ. ಮುಂದೆ ಮುಳುಗಬಹುದು ಅಂತ ಅಂದಾಜು ಮಾಡಿದ ಮೊತ್ತಕ್ಕೆ ಹೋಲಿಸಿದರೆ ನಿಧಿಯಲ್ಲಿ ಎಷ್ಟಿದೆ ಅಂತ ಕೇಳಬೇಕು. ಆ ಅಂದಾಜು ಸಾಮಾನ್ಯ ದಿನಗಳದ್ದೇ, ಕೆಟ್ಟ ದಿನಗಳದ್ದೇ ಅಂತಲೂ ಕೇಳಬೇಕು. ನನ್ನದರಲ್ಲಿ ನಾನು ಕೇಳಿರಲಿಲ್ಲ.

ಮೂರಕ್ಕೂ ಸಮಾನವಾದ ಅಪಾಯ ಒಂದಿದೆ, ಅದು ಸಾಲಗಾರರದ್ದಲ್ಲ, ವೆಬ್‌ಸೈಟಿನದ್ದು. ಚೀನಾದ ಎಜುಬಾವೊ ಎಂಬ ಸಾಲದ ವೆಬ್‌ಸೈಟಿನ ಹಗರಣ 2016ರ ಆರಂಭದಲ್ಲಿ ಬಯಲಾದಾಗ ಸುಮಾರು 9 ಲಕ್ಷ ಜನರ 5,000 ಕೋಟಿ ಯುವಾನ್ ಸಿಕ್ಕಿಬಿದ್ದಿತ್ತು. ಅಲ್ಲಿ ಸಾಲಗಳೇ ಹೆಚ್ಚಿನವು ಸುಳ್ಳು. ಮೋಸ ಇಲ್ಲದ ಕಡೆಯೂ ಬಾಗಿಲು ಮುಚ್ಚಬಹುದು. 2005ರಲ್ಲಿ ಈ ವ್ಯವಹಾರಕ್ಕೆ ದಾರಿ ಹಾಕಿದ ಬ್ರಿಟನ್ನಿನ ಜೋಪಾ 2021ರಲ್ಲಿ ಇದನ್ನು ನಿಲ್ಲಿಸಿತು. ಅಮೆರಿಕದ ಲೆಂಡಿಂಗ್‌ಕ್ಲಬ್ ಅದಕ್ಕೂ ಒಂದು ವರ್ಷ ಮೊದಲೇ ಜನಸಾಮಾನ್ಯರಿಂದ ಹಣ ಪಡೆಯುವುದನ್ನು ಬಿಟ್ಟಿತು. ಹಾಗಾಗಿ ನಮ್ಮ ಹಣ ವೆಬ್‌ಸೈಟಿನ ಸ್ವಂತ ಖಾತೆಯಲ್ಲಿ ಇರದೆ ಬೇರೆ ಟ್ರಸ್ಟ್ ಖಾತೆಯಲ್ಲಿ ಇರುತ್ತದೆಯೇ, ಅವರು ಮುಚ್ಚಿದರೆ ಕಂತು ವಸೂಲಿ ಮಾಡುವವರು ಯಾರು, ಇಷ್ಟನ್ನು ಕರಾರುಪತ್ರದಲ್ಲಿ ಹುಡುಕಿ ಓದಿ. ನಾನು ಓದಿದ ಮೂರರಲ್ಲಿ ಎರಡು ಕಡೆ ಇದು ಸ್ಪಷ್ಟವಾಗಿತ್ತು. ಶೇ. 30ರ ಕಡೆ ಇರಲೇ ಇಲ್ಲ.

ಈಗ ನನ್ನ ಹಣ ಶೇ. 12ರ ಕಡೆ ಮಾತ್ರ ಇದೆ, 300 ಸಾಲಗಳಿಗೆ ಹಂಚಿ. ಸಂಖ್ಯೆಯಲ್ಲಿ ಗೆದ್ದ ನಿಧಿಯನ್ನು ಬಿಟ್ಟು ಇದನ್ನು ಯಾಕೆ ಹಿಡಿದೆ ಅಂದರೆ, ಇಲ್ಲಿ ಯಾರು ಕಂತು ತಪ್ಪಿಸಿದರು ಅಂತ ಆ ವಾರವೇ ನನಗೆ ಕಾಣುತ್ತದೆ. ಹೊರಬರಬೇಕಾದರೆ ಯಾರನ್ನೂ ಕೇಳಬೇಕಿಲ್ಲ, ಮರುಸಾಲ ನಿಲ್ಲಿಸಿದರೆ ತಿಂಗಳು ತಿಂಗಳು ಅಸಲು ತಾನಾಗಿ ಇಳಿದು ಬರುತ್ತದೆ. ನಿಧಿಯವರು ಪ್ರತಿ ತಿಂಗಳ ಗುಂಪಿನ ಲೆಕ್ಕ ಮತ್ತು ನಿಧಿಯ ಮೊತ್ತ ಎರಡನ್ನೂ ತೋರಿಸಲು ಶುರುಮಾಡಿದರೆ ಅಲ್ಲಿಗೆ ಮತ್ತೆ ಸ್ವಲ್ಪ ಹಾಕುತ್ತೇನೆ. ಶೇ. 30ರ ಆ ಏಳು ಜನರಲ್ಲಿ ಇನ್ನೂ ಯಾರಿಂದಲೂ ಏನೂ ಬಂದಿಲ್ಲ.