ತಾಯಿಯಿಲ್ಲದ ಆಡಿನ ಮರಿಗೆ ಬಾಟಲಿಯಲ್ಲಿ ಯಾವ ಹಾಲು?

ಉಡುಪಿಯಲ್ಲಿ ಆಡು ಸಾಕುವವರೊಬ್ಬರ ಪ್ರಶ್ನೆ: ತಾಯಿ ಸತ್ತ ಮರಿಗೆ ಆಡಿನ ಹಾಲೋ, ದನದ ಹಾಲೋ, ಹಾಲಿನ ಪುಡಿಯೋ? ಮೂರಕ್ಕೂ ಮೊದಲು ಗಿಣ್ಣುಹಾಲು. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಅದು ಹೊಟ್ಟೆ ಸೇರಬೇಕು. ಉಳಿದ ಲೆಕ್ಕವೆಲ್ಲ ಆಮೇಲೆ.

ಮರಿಗೆ ಹಿತವಾದದ್ದು ಆಡಿನ ಹಾಲೇ. ಆಗಷ್ಟೇ ಮರಿ ಹಾಕಿದ ಇನ್ನೊಂದು ಆರೋಗ್ಯವಂತ ಆಡು ಕೊಟ್ಟಿಗೆಯಲ್ಲಿದ್ದರೆ ಬೇರೆ ಯೋಚನೆ ಬೇಡ, ಅದರ ಸ್ವಂತ ಮರಿಗಳಿಗೆ ಕೊರತೆಯಾಗದಿದ್ದರೆ ಸಾಕು. ಒಂದೇ ಮರಿಯಿದ್ದು ಮನೆಯಲ್ಲಿ ಹಸುವೂ ಇದ್ದರೆ ದನದ ಹಾಲು ಅಗ್ಗ, ಸುಲಭ. ನೀರು ಮಾತ್ರ ಬೆರೆಸಬೇಡಿ. ಪುಡಿ ಅನುಕೂಲವಾಗುವುದು ಹಲವು ಮರಿಗಳಿದ್ದಾಗ, ಅದೂ ಆಡಿನ ಮರಿಗೆಂದೇ ತಯಾರಾದದ್ದು. ಅಳತೆ ತಪ್ಪಿದರೆ ಭೇದಿಯ ಭಯವಿದೆ. ಕರಾವಳಿಯ ಮಳೆಗಾಲದಲ್ಲಿ ಚೀಲ ಬಿಚ್ಚಿಟ್ಟರೆ ಗಂಟುಕಟ್ಟುತ್ತದೆ.